ಹಳೇ ಕಾರಿನ ಬಜರ್ ನಿಲ್ಲಿಸೋಕೆ ಯಾವ ಫ್ಯೂಸ್ ಕೀಳಬೇಕು?

ಯಾವುದನ್ನೂ ಕೀಳಬೇಡಿ. ಬಾಗಿಲು ಭದ್ರವಾಗಿ ಮುಚ್ಚಿದ್ದರೂ ಗುಂಡಿ ಬಂದಾಗಲೆಲ್ಲ ನಿಮ್ಮ 2004ರ ಕಾರು ‘ಬಾಗಿಲು ತೆಗೆದಿದೆ’ ಅಂತ ಬಡ್ಕೊಳ್ಳುತ್ತೆ ಅಂದಿರಲ್ಲ, ನನ್ನ ಹಳೇ ಪೆಟ್ರೋಲ್ ಕಾರಿನದೂ ಇದೇ ರಾಗ. ಮೀಟರ್ ಅಂತ ಬರೆದಿದ್ದ 10 ಆಂಪ್ ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡೆ, ಬಜರ್ ಬಾಯಿ ಮುಚ್ಚಿತು. ಎರಡು ದಿನ ದಾವಣಗೆರೆಯಲ್ಲೇ ಓಡಾಡಿ, ಮೂರನೇ ಸಂಜೆ ಚಿತ್ರದುರ್ಗಕ್ಕೆ ಹೊರಟರೆ ಭರಮಸಾಗರ ದಾಟುವಷ್ಟರಲ್ಲಿ ಹೆಡ್‌ಲೈಟ್ ಸೀಮೆಎಣ್ಣೆ ಬುಡ್ಡಿ ಥರ ಆಯ್ತು. ಆಮೇಲೆ ಎಂಜಿನ್ನೇ ನಿಂತಿತು.

ಕಾರಣ ಸ್ವಲ್ಪ ಉದ್ದ ಆಗುತ್ತೆ, ಆದರೂ ಓದಿ. ಎಷ್ಟೋ ಹಳೇ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಮೀಟರಿನ ಕೆಂಪು ಬ್ಯಾಟರಿ ದೀಪ ಬರೀ ದೀಪ ಅಲ್ಲ. ಕೀ ತಿರುಗಿಸಿದಾಗ 12 ವೋಲ್ಟ್ ಕರೆಂಟು ಮೀಟರ್ ಫ್ಯೂಸ್ ಮೂಲಕ ಬಂದು, ಆ ದೀಪ ದಾಟಿ, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್‌ಗೆ ಹೋಗುತ್ತೆ. ನಮ್ಮ ಮೆಕ್ಯಾನಿಕ್‌ಗಳು ಡೈನಮೋ ಅನ್ನೋದು ಅದನ್ನೇ. ಅದರೊಳಗೆ ತಿರುಗೋ ಭಾಗ, ಅಂದರೆ ರೋಟರ್, ಅಯಸ್ಕಾಂತ ಆಗೋಕೆ ಬೇಕಾದ ಮೊದಲ ತುತ್ತು ಆ ಸಣ್ಣ ಕರೆಂಟು. ಒಮ್ಮೆ ಉತ್ಪಾದನೆ ಶುರುವಾದರೆ ದೀಪದ ಎರಡೂ ತುದಿಯಲ್ಲಿ ವೋಲ್ಟೇಜ್ ಸಮ ಆಗುತ್ತೆ, ದೀಪ ಆರುತ್ತೆ. ಫ್ಯೂಸ್ ಕಿತ್ತರೆ ಮೊದಲ ತುತ್ತೇ ಇಲ್ಲ. ಕೆಲವು ಆಲ್ಟರ್ನೇಟರ್‌ಗಳು ಉಳಿದ ಅಯಸ್ಕಾಂತ ಶಕ್ತಿಯಿಂದಲೇ, ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಎದ್ದುಕೊಳ್ಳುತ್ತವೆ, ನನ್ನದು ಏಳಲಿಲ್ಲ. ಅದಕ್ಕಿಂತ ಕೆಟ್ಟದ್ದೇನಂದ್ರೆ, ಚಾರ್ಜ್ ಆಗ್ತಿಲ್ಲ ಅಂತ ಹೇಳಬೇಕಾದ ದೀಪವೂ ಅದೇ ಫ್ಯೂಸಿನದು. ಬಜರ್ ಜೊತೆ ಅದರ ಬಾಯನ್ನೂ ನಾನೇ ಕಟ್ಟಿದ್ದೆ. ಟೆಂಪರೇಚರ್ ಮುಳ್ಳು, ಆಯಿಲ್ ದೀಪ, ಪೆಟ್ರೋಲ್ ಮುಳ್ಳು ಎಲ್ಲಾ ಸತ್ತು ಮಲಗಿದ್ವು.

ಲೆಕ್ಕ ನೋಡಿ. ಹೆಡ್‌ಲೈಟ್ ಎರಡಕ್ಕೆ ಸುಮಾರು 9 ಆಂಪ್, ಪೆಟ್ರೋಲ್ ಪಂಪ್ ಮತ್ತು ಇಗ್ನಿಷನ್‌ಗೆ 8ರ ಆಸುಪಾಸು, ಬ್ಲೋವರ್ ಹಾಕಿದ್ದರೆ ಇನ್ನಷ್ಟು. ಸಣ್ಣ ಕಾರಿನ ಬ್ಯಾಟರಿ 35 ಆಂಪ್ ಅವರ್, ಅಂದರೆ ಪೂರ್ತಿ ತುಂಬಿದ್ದರೂ 17 ಆಂಪ್ ಎಳೆದರೆ ಹೆಚ್ಚೆಂದರೆ ಎರಡು ಗಂಟೆ. ಎರಡು ದಿನ ಚಾರ್ಜೇ ಆಗದ ಬ್ಯಾಟರಿ ಇಷ್ಟನ್ನ ಎಷ್ಟು ಹೊತ್ತು ಹೊತ್ತೀತು?

ಹಾಗಾಗಿ ‘ಯಾವ ಫ್ಯೂಸ್’ ಅನ್ನೋ ಪ್ರಶ್ನೆಯೇ ತಪ್ಪು. ಬಜರ್ ಸುಳ್ಳು ಹೇಳ್ತಿಲ್ಲ, ಬಾಗಿಲ ಕಂಬದ ಪಿನ್ ಸ್ವಿಚ್ ಹೇಳಿದ್ದನ್ನ ಕೂಗ್ತಿದೆ ಅಷ್ಟೆ. ಈ ಸ್ವಿಚ್ಚಿಗೆ ಸಾಮಾನ್ಯವಾಗಿ ಒಂದೇ ವೈರು. ಬಾಗಿಲು ತೆಗೆದಾಗ ಅದು ಕಾರಿನ ಲೋಹದ ಬಾಡಿಗೆ ತಾಗಿ ಅರ್ತ್ ಆಗುತ್ತೆ, ರೂಮ್ ಲೈಟೂ ಬಜರೂ ಶುರುವಾಗುತ್ತೆ; ಮುಚ್ಚಿದಾಗ ಪಿನ್ ಒತ್ತಿಕೊಂಡು ಸಂಪರ್ಕ ಬಿಡುತ್ತೆ. ಬಿಡದಿದ್ದರೆ ಬಜರ್.

ಯಾವ ಬಾಗಿಲು ಅಂತ ಮೊದಲು ಹಿಡೀರಿ. ರೂಮ್ ಲೈಟನ್ನ ‘ಡೋರ್’ಗೆ ಇಟ್ಟು, ಕೀ ಆನ್ ಮಾಡಿ, ಎಂಜಿನ್ ಬೇಡ. ಒಳಗೆ ಕೂತು ಒಂದೊಂದೇ ಬಾಗಿಲನ್ನ ಭುಜ ಕೊಟ್ಟು ಹೊರಕ್ಕೆ ತಳ್ಳಿ. ಯಾವುದನ್ನ ತಳ್ಳಿದಾಗ ದೀಪ ಮಿಣುಕುತ್ತೋ ಕಳ್ಳ ಅದೇ. ಸಾಮಾನ್ಯವಾಗಿ ಡ್ರೈವರ್ ಕಡೆಯದೇ ಆಗಿರುತ್ತೆ, ಹೆಚ್ಚು ಸಲ ತೆಗೆದು ಮುಚ್ಚೋದು ಅದನ್ನೇ ತಾನೇ.

ಬಾಗಿಲು ತೆಗೆದು ಪಿನ್ನನ್ನ ಬೆರಳಲ್ಲಿ ಪೂರ್ತಿ ಒತ್ತಿ. ದೀಪ ಆರಿದರೆ ಸ್ವಿಚ್ ಚೆನ್ನಾಗಿದೆ, ಬಾಗಿಲೇ ಪಿನ್ನನ್ನ ಸಾಕಷ್ಟು ಒತ್ತುತ್ತಿಲ್ಲ. ಪಿನ್ ಬಂದು ತಾಗುವ ಜಾಗಕ್ಕೆ ಹಳೇ ಸೈಕಲ್ ಟ್ಯೂಬಿನ ಕಾಸಗಲದ ತುಂಡು ಅಂಟಿಸಿ, 2 ಮಿಲಿಮೀಟರ್ ದಪ್ಪ ಆದರೆ ಸಾಕು. ಬಾಗಿಲಿನ ತುದಿ ಹಿಡಿದು ಎತ್ತಿದಾಗ ಲಟಲಟ ಅಂದರೆ ಹಿಂಜ್ ಪಿನ್ ಸವೆದಿದೆ, ಅದಕ್ಕೆ ಟ್ಯೂಬು ಮದ್ದಲ್ಲ.

ಒತ್ತಿದರೂ ದೀಪ ಆರದಿದ್ದರೆ ಸ್ಟಾರ್ ಸ್ಕ್ರೂ ಬಿಚ್ಚಿ ಸ್ವಿಚ್ ಹೊರಗೆಳೆದು ವೈರ್ ಕಳಚಿ. ಕಳಚುವ ಮುಂಚೆ ವೈರಿಗೆ ದಾರ ಕಟ್ಟಿ! ಕಂಬದೊಳಗೆ ಜಾರಿತೋ, ಅರ್ಧ ದಿನ ಹೋಯ್ತು ಅಂತ ತಿಳ್ಕೊಳ್ಳಿ. ಕಳಚಿದ ತಕ್ಷಣ ದೀಪ ಆರಿದರೆ ದೋಷ ಸ್ವಿಚ್ಚಿನದು; ಆರದಿದ್ದರೆ ವೈರೇ ಎಲ್ಲೋ ಸವೆದು ಬಾಡಿಗೆ ತಾಗಿದೆ, ಬಾಗಿಲ ಕೆಳಗಿನ ಹೊಸ್ತಿಲ ಪಟ್ಟಿ (ಡೋರ್ ಸಿಲ್) ಎತ್ತಿ ಹುಡುಕಿ. ಸ್ವಿಚ್ಚನ್ನ ಮಲ್ಟಿಮೀಟರಲ್ಲಿ ನೋಡಿದರೆ ಪಿನ್ ಬಿಟ್ಟಾಗ ಓಮ್ ಸೊನ್ನೆಯ ಹತ್ತಿರ, ಒತ್ತಿದಾಗ ಸಂಪರ್ಕವೇ ಇರಬಾರದು. ನಮ್ಮ ಕಡೆ ರಬ್ಬರ್ ಟೊಪ್ಪಿಗೆ ಹರಿದು, ಮಣ್ಣಿನ ದೂಳು ಗ್ರೀಸಿಗೆ ಮೆತ್ತಿಕೊಂಡು, ಪಿನ್ ಅರ್ಧಕ್ಕೇ ಕಚ್ಚಿರುತ್ತೆ. ಕಾಂಟ್ಯಾಕ್ಟ್ ಕ್ಲೀನರ್ (ಕರೆಂಟಿನ ಸಂಪರ್ಕ ಶುಚಿ ಮಾಡೋ ಸ್ಪ್ರೇ) ಹೊಡೆದು ಇಪ್ಪತ್ತು ಸಲ ಒತ್ತಿ ಬಿಟ್ಟರೆ ಬಹುಪಾಲು ಸರಿಹೋಗುತ್ತೆ. ಎಂಜಿನ್ ಆಯಿಲ್ ಬಿಡಬೇಡಿ, ಇನ್ನಷ್ಟು ದೂಳು ಎಳೆಯುತ್ತೆ. ಹೊಸದನ್ನೇ ಹಾಕೋದಾದರೆ ರಬ್ಬರ್ ಸಮೇತ ಹಾಕಿ.

ಇಷ್ಟಾದ ಮೇಲೂ ಸದ್ದೇ ಜಾಸ್ತಿ ಅನಿಸಿದರೆ, ಮೀಟರ್ ಬಿಚ್ಚಿ ಬಜರಿನ ತೂತಿಗೆ ಎರಡು ಪದರ ಇನ್ಸುಲೇಷನ್ ಟೇಪ್ ಅಂಟಿಸಿ. ಕೂಗು ಗೊಣಗಾಟಕ್ಕೆ ಇಳಿಯುತ್ತೆ. ಏರ್‌ಬ್ಯಾಗ್ ಇರುವ ಕಾರಾದರೆ ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿ ಕೆಲವು ನಿಮಿಷ ಬಿಡಿ, ಹಳದಿ ಕನೆಕ್ಟರ್ ಮುಟ್ಟಬೇಡಿ. ಸೀಟ್ ಬೆಲ್ಟ್ ಬಜರಿಗೆ ಮಾತ್ರ ಟೇಪೂ ಇಲ್ಲ, ಡಮ್ಮಿ ಕ್ಲಿಪ್ಪೂ ಇಲ್ಲ, ಬೆಲ್ಟ್ ಹಾಕ್ಕೊಳ್ಳಿ; ಹಾಕದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 1000 ರೂಪಾಯಿ ದಂಡ ಬೇರೆ.

ಫ್ಯೂಸ್ ಈಗಾಗಲೇ ಕಿತ್ತಿದ್ದರೆ ಮೊದಲು ವಾಪಸ್ ಹಾಕಿ. ಕೀ ತಿರುಗಿಸಿದಾಗ ಕೆಂಪು ಬ್ಯಾಟರಿ ದೀಪ ಹೊತ್ತಬೇಕು, ಎಂಜಿನ್ ಶುರುವಾದಾಗ ಆರಬೇಕು, ಎಂಜಿನ್ ಓಡುವಾಗ ಬ್ಯಾಟರಿ ತುದಿಗಳಲ್ಲಿ ಮಲ್ಟಿಮೀಟರ್ ಇಟ್ಟರೆ 13.8ರಿಂದ 14.4 ವೋಲ್ಟ್ ತೋರಿಸಬೇಕು. ಅಲ್ಲೀವರೆಗೂ ಕತ್ತಲಾದ ಮೇಲೆ ಹೈವೇ ಹತ್ತಬೇಡಿ.