ನಾಟಕಕಾರ ಚಿತ್ರಕಥೆಗೆ ಕೈಹಾಕಿದಾಗ

ಪ್ರಶ್ನೆ: ಇಂಗ್ಲಿಷ್ ಬರಹಗಾರ ರಾಬರ್ಟ್ ಬೋಲ್ಟ್ ಮೊದಲು ನಾಟಕಕಾರರೋ, ಚಿತ್ರಕಥೆಗಾರರೋ? ತಮ್ಮದೇ ನಾಟಕವನ್ನು ಸಿನಿಮಾಕ್ಕೆ ಒಗ್ಗಿಸುವಾಗ ಅವರು ಬದಲಿಸಿದ್ದೇನು?

ಉತ್ತರ: ಮೊದಲು ಮೇಷ್ಟ್ರು, ಆಮೇಲೆ ನಾಟಕಕಾರ. 1924ರಲ್ಲಿ ಮ್ಯಾಂಚೆಸ್ಟರ್ ಬಳಿಯ ಸೇಲ್‌ನಲ್ಲಿ ಹುಟ್ಟಿದ ಬೋಲ್ಟ್, ಶಾಲೆಯಲ್ಲಿ ಪಾಠ ಹೇಳುತ್ತಲೇ ಬಿಬಿಸಿಗೆ ರೇಡಿಯೋ ನಾಟಕ ಬರೆದರು. 1957ರ 'ಫ್ಲವರಿಂಗ್ ಚೆರ್ರಿ' ನಾಟಕ ಗೆದ್ದ ಮೇಲೆ ಮೇಷ್ಟ್ರಗಿರಿ ಬಿಟ್ಟರು.

'ಎ ಮ್ಯಾನ್ ಫಾರ್ ಆಲ್ ಸೀಸನ್ಸ್' 1954ರಲ್ಲಿ ರೇಡಿಯೋಗೆ, 1960ರಲ್ಲಿ ಲಂಡನ್ ರಂಗಕ್ಕೆ, 1966ರಲ್ಲಿ ತೆರೆಗೆ ಬಂತು. ಇಂಗ್ಲೆಂಡಿನ ರಾಜನಿಗೆ ಮಣಿಯದೆ ತಲೆ ಕೊಟ್ಟ ಥಾಮಸ್ ಮೋರ್ ಅದರ ನಾಯಕ. ರಂಗದ ಮೇಲೆ 'ಕಾಮನ್ ಮ್ಯಾನ್' ಎಂಬ ಒಬ್ಬನೇ ನಟ ಮನೆಯಾಳು, ಅಂಬಿಗ, ಜೈಲರ್, ಕೊನೆಗೆ ಕೊಡಲಿ ಹಿಡಿದು ತಲೆ ಕಡಿಯುವವನೂ ಆಗುತ್ತಾನೆ. ಬುಟ್ಟಿಯಿಂದ ಟೋಪಿಗಳನ್ನು ತೆಗೆದು ಕೋಲುಗಳಿಗೆ ಸಿಕ್ಕಿಸಿದರೆ ಸಾಕು, ನ್ಯಾಯದರ್ಶಿಗಳು (ಜ್ಯೂರಿ) ಸಿದ್ಧ! ನಾಟಕದ ಜೀವಾಳವೇ ಇದು. ಆದರೆ ಕ್ಯಾಮೆರಾ ನಿಜವಾದ ನದಿ, ನಿಜವಾದ ದೋಣಿ ತೋರಿಸುವಾಗ ಒಬ್ಬನೇ ಟೋಪಿ ಬದಲಿಸುತ್ತ ಪ್ರೇಕ್ಷಕರೊಡನೆ ಮಾತಾಡಿದರೆ ನಂಬಿಕೆ ಒಡೆಯುತ್ತದೆ. ಬೋಲ್ಟ್ ಆ ಪಾತ್ರವನ್ನು ಕೈಬಿಟ್ಟು, ಅವನ ಕೆಲಸಗಳನ್ನು ಬೇರೆ ಬೇರೆ ಪಾತ್ರಗಳಿಗೆ ಹಂಚಿದರು. ನಷ್ಟವೇನೋ ಹೌದು, ಆದರೆ ಸರಿಯಾದ ನಿರ್ಧಾರ. ಥಾಮಸ್ ಮೋರ್‌ನ ವಾದಗಳನ್ನು ಮಾತ್ರ ಬಹುಪಾಲು ಹಾಗೆಯೇ ಉಳಿಸಿಕೊಂಡರು. ಆ ಚಿತ್ರಕಥೆಗೆ ಆಸ್ಕರ್ ಬಂತು. ಹಿಂದಿನ ವರ್ಷವಷ್ಟೇ ಅವರು ಬರೆದ 'ಡಾಕ್ಟರ್ ಜಿವಾಗೊ' ಚಿತ್ರಕಥೆಗೂ ಬಂದಿತ್ತು.

ಪ್ರಶ್ನೆ: 'ಲಾರೆನ್ಸ್ ಆಫ್ ಅರೇಬಿಯಾ' ಸಿನಿಮಾದ ಚಿತ್ರಕಥೆ ಪೂರ್ತಿ ಬೋಲ್ಟ್ ಅವರದ್ದೇ?

ಉತ್ತರ: ಅಲ್ಲ. ಮೊದಲು ಬರೆದವರು ಮೈಕೆಲ್ ವಿಲ್ಸನ್. ಅವರ ಹೆಸರು 1962ರ ತೆರೆಯ ಮೇಲೆ ಬರಲೇ ಇಲ್ಲ. ತೆರೆಯ ಮೇಲಿನ ಈ ಮನ್ನಣೆ ವಿಲ್ಸನ್ ತೀರಿಕೊಂಡ ಮೇಲಷ್ಟೇ ಸಿಕ್ಕಿತು. ಬೋಲ್ಟ್ ಸಂಭಾಷಣೆಗಳನ್ನು ಹೊಸದಾಗಿ ಬರೆದರು.