ಹಗ್ಗದ ಈಚೆಯಿಂದಲೇ ತೆಗೆಯಿರಿ

ಬಂಡೆಯ ಅಂಚಿಗೆ ಕಟ್ಟಿದ ಹಗ್ಗ ದಾಟಿ ನಾಲ್ಕು ಹೆಜ್ಜೆ ಹೋದರೆ ಇಡೀ ಕಣಿವೆ ಫ್ರೇಮಿಗೆ ಬರುತ್ತದೆ, ದಾಟಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನಾನೂ ಒಮ್ಮೆ ದಾಟಿದ್ದೆ. ಟ್ರೈಪಾಡ್‌ನ ಒಂದು ಕಾಲು ಪಾಚಿಯ ಮೇಲೆ ಜಾರಿತು. ಹಿಡಿಯಲು ಬಗ್ಗಿದಾಗ ಕಾಲಡಿಯ ಕಲ್ಲೊಂದು ಉರುಳಿತು, ಅದು ಕೆಳಗೆ ಬಿದ್ದ ಸದ್ದೇ ಕೇಳಿಸಲಿಲ್ಲ. ವ್ಯೂಫೈಂಡರ್‌ಗೆ ಕಣ್ಣಿಟ್ಟ ಮೇಲೆ ಅಂಚು ಎಲ್ಲಿದೆ ಅನ್ನುವುದೇ ಮರೆತುಹೋಗುತ್ತದೆ, ಅಲ್ವಾ?

ಈಚೆಯೇ ನಿಂತು, ಕ್ಯಾಮೆರಾ ನೆಟ್ಟಗೆ (ಫೋಟೋ ಅಗಲಕ್ಕಿಂತ ಎತ್ತರ ಬರುವಂತೆ) ಹಿಡಿದು, 50 ಎಂಎಂ ಲೆನ್ಸ್‌ನಲ್ಲಿ ಕಣಿವೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗುತ್ತಾ ಐದಾರು ಫೋಟೋ ತೆಗೆಯಿರಿ; ಆಮೇಲೆ ಅವನ್ನು ಜೋಡಿಸಿದರೆ ಇಡೀ ಕಣಿವೆ ಒಂದೇ ಚಿತ್ರವಾಗುತ್ತದೆ. ಒಂದರ ಅಂಚು ಇನ್ನೊಂದರಲ್ಲಿ ಶೇ. 30ರಷ್ಟು ಬರಲಿ. ಎಕ್ಸ್‌ಪೋಶರ್ (ಫೋಟೋಗೆ ಎಷ್ಟು ಬೆಳಕು ಬೀಳಬೇಕು ಅನ್ನುವುದು) ಮ್ಯಾನ್ಯುಯಲ್‌ನಲ್ಲೇ ಇಟ್ಟು ಎಲ್ಲ ಫೋಟೋಗೂ ಒಂದೇ ಆಗಿರಲಿ, ಇಲ್ಲದಿದ್ದರೆ ಜೋಡಿಸಿದಾಗ ಆಕಾಶದಲ್ಲಿ ಪಟ್ಟೆ ಕಾಣುತ್ತದೆ. ಸೂರ್ಯ ಮುಳುಗಿದ ತಕ್ಷಣ ಬ್ಯಾಗ್ ಕಟ್ಟಬೇಡಿ. ಸುಮ್ನೆ ಇನ್ನೊಂದು 15 ನಿಮಿಷ ಕಾಯಿರಿ. ಮೋಡಗಳ ಹೊಟ್ಟೆ ಕೆಂಪಾಗುವುದು ಹೆಚ್ಚಾಗಿ ಆಗಲೇ.