ಎಎಫ್‌ಎಲ್ ಅಂಪೈರ್‌ಗಳು ಒಂದೇ ತಪ್ಪಿಗೆ ಒಂದ್ಸಲ ಸೀಟಿ ಊದಿ ಇನ್ನೊಂದ್ಸಲ ಸುಮ್ನೆ ಇರ್ತಾರಲ್ಲ, ಯಾಕೆ?

ನೀವು ಕೇಳಿರೋದು ಇಷ್ಟು: ಮೆಲ್ಬರ್ನ್‌ಗೆ ಬಂದು ಆರು ತಿಂಗಳಾಯ್ತು, ಆಫೀಸಲ್ಲಿ ಎಲ್ರೂ ಫುಟಿ ಫುಟಿ (ಇಲ್ಲಿನ ಆಸ್ಟ್ರೇಲಿಯನ್ ಫುಟ್‌ಬಾಲ್, ಅದ್ರ ದೊಡ್ಡ ಲೀಗೇ ಎಎಫ್‌ಎಲ್) ಅಂತಾರೆ ಅಂತ ನೋಡೋಕೆ ಶುರು ಮಾಡಿದ್ರಿ, ಒಬ್ಬ ಬಾಲ್ ತಬ್ಕೊಂಡು ಬಿದ್ರೆ ಎದುರು ಟೀಮಿಗೆ ಫ್ರೀ ಕಿಕ್, ಇನ್ನೊಬ್ಬ ಅದೇ ಥರ ಬಿದ್ರೆ ಏನೂ ಇಲ್ಲ, ಅಂಪೈರ್‌ಗಳು ದುಡ್ಡು ತಿಂದಿರ್ತಾರಾ ಇಲ್ಲಾ ನಂಗೇ ರೂಲ್ಸ್ ಗೊತ್ತಾಗ್ತಿಲ್ವಾ ಅಂತ.

ದುಡ್ಡು ಗಿಡ್ಡು ಏನೂ ಇಲ್ಲ. ರೂಲ್ಸ್ ನಿಮಗೆ ಗೊತ್ತಾಗಿಲ್ಲ ಅನ್ನೋದೇನೋ ನಿಜ, ಆದ್ರೆ ಹತ್ತು ವರ್ಷದಿಂದ ನೋಡ್ತಿರೋ ನಂಗೂ ಪೂರ್ತಿ ಗೊತ್ತಾಗಿಲ್ಲ, ಇಲ್ಲೇ ಹುಟ್ಟಿ ಬೆಳೆದು ಎಪ್ಪತ್ತು ದಾಟಿರೋ ನಮ್ಮ ಪಕ್ಕದ ಮನೆ ಅಜ್ಜನಿಗೂ ಗೊತ್ತಾಗಿಲ್ಲ, ಅವ್ರು ಟಿವಿ ಮುಂದೆ ಕೂತು ಬೈಯೋದು ನಮ್ಮ ಅಡುಗೆಮನೆಗೆ ಕೇಳ್ಸುತ್ತೆ.

ಮೊದ್ಲು ಒಂದು ವಿಷಯ ಒಪ್ಕೊಂಡ್ಬಿಡ್ತೀನಿ, ಆಮೇಲೆ ಯಾರಾದ್ರೂ ಕಾಮೆಂಟಲ್ಲಿ ಬಂದು ಕಾಲೆಳೀಬಾರ್ದು ನೋಡಿ. ನಾನು ವೆಸ್ಟರ್ನ್ ಬುಲ್‌ಡಾಗ್ಸ್ ಫ್ಯಾನ್. 2015ರಲ್ಲಿ ಬಂದಾಗ ಫುಟ್ಸ್‌ಕ್ರೇ ಹತ್ರ ಬಾಡಿಗೆ ಮನೆ, ಹತ್ರದ ಟೀಮ್ ಯಾವ್ದು ಅಂತ ನೋಡಿ ಅದನ್ನೇ ಹಿಡ್ಕೊಂಡೆ, ಮುಂದಿನ ವರ್ಷನೇ ಅವ್ರು ಕಪ್ ಗೆದ್ರು, 1954 ಆದ್ಮೇಲೆ ಮೊದಲ ಸಲ, 62 ವರ್ಷ ಕಾದಿದ್ದ ಜನ ಬೀದೀಲಿ ಅಳ್ತಿದ್ರು, ನಾನು ಒಂದೂವರೆ ವರ್ಷ ಕಾದು ಅವ್ರ ಜೊತೆ ಅತ್ತೆ. ಆ ಫೈನಲ್‌ನಲ್ಲಿ ಫ್ರೀ ಕಿಕ್ ಲೆಕ್ಕ ಎಷ್ಟು ಗೊತ್ತಾ, ನಮಗೆ 20, ಸಿಡ್ನಿ ಸ್ವಾನ್ಸ್‌ಗೆ 8. ನಾವು ಗೆದ್ದಿದ್ದು 22 ಪಾಯಿಂಟಲ್ಲಿ. ಇವತ್ತಿಗೂ ಸಿಡ್ನಿ ಫ್ಯಾನ್ ಯಾರಾದ್ರೂ ಸಿಕ್ಕಿದ್ರೆ ನಮಸ್ಕಾರ ಹೇಳೋಕ್ ಮುಂಚೆ "ಟ್ವೆಂಟಿ, ಏಯ್ಟ್" ಅಂತಾರೆ. ನಮ್ಮ ಹುಡುಗ್ರು ಬಾಲ್ ಹತ್ರ ಮೊದ್ಲು ಹೋಗ್ತಾರೆ ಸ್ವಾಮಿ, ಅದಕ್ಕೇ ಫ್ರೀ ಕಿಕ್ ಜಾಸ್ತಿ ಸಿಗುತ್ತೆ ಅಂತ ನಾನು ವಾದ ಮಾಡ್ತೀನಿ, ಅದ್ರಲ್ಲಿ ಸ್ವಲ್ಪ ನಿಜಾನೂ ಇದೆ, ಆದ್ರೆ ಅದೇ ಲೆಕ್ಕ ಉಲ್ಟಾ ಆಗಿದ್ರೆ ನಾನು ಈ ಉತ್ತರಾನ ಬೇರೆ ಥರ ಬರೀತಿದ್ದೆ ಅನ್ನೋದೂ ನಿಜ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ನೀವು ನೋಡಿದ್ದು ಹೋಲ್ಡಿಂಗ್ ದ ಬಾಲ್ ರೂಲ್. ಸ್ಟೇಡಿಯಮ್‌ನಲ್ಲಿ ಮೂವತ್ತು ನಲವತ್ತು ಸಾವಿರ ಜನ ಒಟ್ಟಿಗೆ "ಬಾಆಆಲ್" ಅಂತ ಕಿರುಚೋದು ಇದಕ್ಕೇ. ಇದು ಕೆಲಸ ಮಾಡೋ ರೀತಿ ಹೀಗೆ. ಬಾಲ್ ಕೈಗೆ ಬಂದಮೇಲೆ ಅದನ್ನ ಆಚೆ ಕಳ್ಸೋಕೆ ನಿಮಗೆ ಮೊದ್ಲೇ ಅವಕಾಶ ಇತ್ತಾ ಅಂತ ಅಂಪೈರ್ ನೋಡ್ತಾನೆ, ಅದಕ್ಕೆ ಪ್ರಯರ್ ಆಪರ್ಚುನಿಟಿ ಅಂತಾರೆ. ಅವಕಾಶ ಇದ್ದೂ ನೀವು ಓಡಿದ್ರಿ, ತಪ್ಪಿಸ್ಕೊಳ್ಳೋಕೆ ನೋಡಿದ್ರಿ, ಆಮೇಲೆ ಸಿಕ್ಕಾಕೊಂಡ್ರಿ ಅಂದ್ರೆ ತಕ್ಷಣ ಕಿಕ್ ಮಾಡ್ಬೇಕು ಇಲ್ಲಾ ಹ್ಯಾಂಡ್‌ಬಾಲ್ (ಮುಷ್ಟಿಯಿಂದ ಹೊಡೆದು ಪಾಸ್) ಮಾಡ್ಬೇಕು, ಆಗ್ಲಿಲ್ಲ ಅಂದ್ರೆ ಫ್ರೀ ಕಿಕ್ ಹೋಯ್ತು. ಅವಕಾಶ ಇರ್ಲಿಲ್ಲ, ಬಾಲ್ ಎತ್ತಿದ ಕೂಡ್ಲೇ ಮೇಲೆ ಬಿದ್ರು ಅಂದ್ರೆ ಮನಸ್ಸಿಟ್ಟು ಪ್ರಯತ್ನ ಮಾಡಿದ್ರೆ ಸಾಕು, ಆಗ್ದಿದ್ರೆ ಅಂಪೈರ್ ಬಾಲ್ ತಗೊಂಡು ಮತ್ತೆ ಮೇಲಕ್ಕೆ ಎಸೀತಾನೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಈಗ ಇದ್ರಲ್ಲಿ ಎಷ್ಟು ಜಾಗದಲ್ಲಿ ಅಂಪೈರ್ ಊಹೆ ಮಾಡ್ಬೇಕು ಅಂತ ಎಣಿಸಿ. ಅವಕಾಶ ಅಂದ್ರೆ ಎಷ್ಟು, ಅರ್ಧ ಸೆಕೆಂಡಾ, ಎರಡು ಹೆಜ್ಜೆನಾ? ಅವನು ನಿಜವಾಗ್ಲೂ ಪ್ರಯತ್ನ ಮಾಡಿದ್ನಾ ಅಥವಾ ಮಾಡೋ ಥರ ಕೈ ಆಡಿಸಿದ್ನಾ? ಬಾಲ್ ಜಾರಿದ್ದು ಟ್ಯಾಕಲ್ (ಎದುರಾಳಿ ಬಂದು ಹಿಡಿದು ಕೆಡವೋದು) ಏಟಿಗಾ ಅಥವಾ ಅವನೇ ಬಿಟ್ಟನಾ? ಇಷ್ಟೂ ಆರು ಜನ ಒಬ್ಬರ ಮೇಲೊಬ್ಬರು ಬಿದ್ದಿರೋವಾಗ, ಓಡ್ತಾ ಓಡ್ತಾ, ಒಂದು ಕ್ಷಣದಲ್ಲಿ.

ಟಿವೀಲಿ ನೋಡೋವಾಗ ಅಂಪೈರ್ ಮೈಕ್ ಆಡಿಯೋ ಬರುತ್ತೆ, ಗಮನ ಇಟ್ಟು ಕೇಳಿ. "ನೋ ಪ್ರಯರ್, ನೋ ಪ್ರಯರ್, ಪ್ಲೇ ಆನ್" (ಮೊದ್ಲೇ ಅವಕಾಶ ಇರ್ಲಿಲ್ಲ, ಆಟ ಮುಂದುವರಿಸಿ) ಅಂತ ಹೇಳ್ತಾನೇ ಇರ್ತಾರೆ, ತರಕಾರಿ ಮಾರ್ಕೆಟ್‌ನಲ್ಲಿ ರೇಟ್ ಕೂಗೋ ಥರ. ನಾನು ಶುರೂಲಿ ರೂಲ್ಸ್ ಕಲ್ತಿದ್ದೇ ಆ ಮೈಕಿಂದ. ಅದ್ರಿಂದ್ಲೇ ಗೊತ್ತಾಗಿದ್ದು, ಇವ್ರು ಸುಮ್ನೆ ಊದಲ್ಲ, ಒಂದೊಂದಕ್ಕೂ ಒಂದು ಕಾರಣ ಇಟ್ಕೊಂಡಿರ್ತಾರೆ. ತೊಂದ್ರೆ ಏನಂದ್ರೆ ಈ ತುದೀಲಿರೋ ಅಂಪೈರ್ ಕಾರಣ ಒಂದು, ಆ ತುದೀಲಿರೋನ ಕಾರಣ ಇನ್ನೊಂದು. 1975ರ ತನಕ ಇಡೀ ಗ್ರೌಂಡಿಗೆ ಒಬ್ಬನೇ ಫೀಲ್ಡ್ ಅಂಪೈರ್ ಇದ್ದ, ಆಮೇಲೆ ಇಬ್ರು, 1994ರಿಂದ ಮೂವರು, 2023ರಿಂದ ನಾಲ್ವರು. ಕಣ್ಣು ಜಾಸ್ತಿ ಆದ್ರೆ ತಪ್ಪು ಕಮ್ಮಿ ಆಗುತ್ತೆ ಅನ್ನೋ ಲೆಕ್ಕ, ಸರೀನೇ, ಕಣ್ಣಿಗೆ ಬೀಳದೇ ಇರೋದು ಕಮ್ಮಿ ಆಯ್ತು. ಆದ್ರೆ ನಾಲ್ಕು ತಲೆ ಆಯ್ತಲ್ಲ. ಮೊದ್ಲು ಒಬ್ಬ ಕಟ್ಟುನಿಟ್ಟಿನ ಅಂಪೈರ್ ಇದ್ರೆ ಎರಡೂ ಟೀಮಿಗೆ ಕಟ್ಟುನಿಟ್ಟು, ಧಾರಾಳಿ ಇದ್ರೆ ಇಬ್ರಿಗೂ ಧಾರಾಳಿ, ಹತ್ತು ನಿಮಿಷದಲ್ಲಿ ಆಟಗಾರ್ರಿಗೆ ಇವತ್ತಿನ ಅಳತೆ ಏನು ಅಂತ ಗೊತ್ತಾಗೋದು. ಈಗ ಬಾಲ್ ಯಾರ ಏರಿಯಾಲಿದೆ ಅನ್ನೋದರ ಮೇಲೆ ಹೋಗುತ್ತೆ. ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಅಂತ ನಮಗೆ ಕಾಣೋದು ಅದಕ್ಕೇ, ಬೇಕೂಂತ ಮಾಡಿದ್ದಲ್ಲ.

ಥ್ರೋ ಕಥೆನೂ ಹೀಗೇ. ಹ್ಯಾಂಡ್‌ಬಾಲ್ ಅಂದ್ರೆ ಒಂದು ಕೈಯಲ್ಲಿ ಬಾಲ್ ಹಿಡ್ಕೊಂಡು ಇನ್ನೊಂದು ಕೈ ಮುಷ್ಟಿಯಿಂದ ಹೊಡೀಬೇಕು, ಎಸೆಯೋ ಹಾಗಿಲ್ಲ. ಜನರ ಗುಂಪಲ್ಲಿ ಅರ್ಧ ಹ್ಯಾಂಡ್‌ಬಾಲ್‌ಗಳಲ್ಲಿ ಮುಷ್ಟಿ ಬಾಲಿಗೆ ತಾಗಿರುತ್ತೋ ಇಲ್ವೋ ದೇವ್ರಿಗೇ ಗೊತ್ತು. (ನಮ್ಮ ಬುಲ್‌ಡಾಗ್ಸ್ ಮೇಲೂ ಈ ದೂರಿದೆ. ಮುಂದಿನ ವಿಷಯಕ್ಕೆ ಹೋಗೋಣ.)

ನಂಗೆ ನಿಜವಾಗ್ಲೂ ಮೈ ಉರಿಯೋದು ಅಂಪೈರ್‌ಗಳ ಮೇಲಲ್ಲ, ಲೀಗ್ ಮೇಲೆ. ಸೀಸನ್ ಮಧ್ಯದಲ್ಲಿ ಅಳತೆ ಬದಲಾಯಿಸ್ತಾರೆ! 2022ರಲ್ಲಿ ಶುರೂಲೇ ಅಂಪೈರ್‌ಗೆ ಎದುರಾಡಿದ್ರೆ 50 ಮೀಟರ್ ಪೆನಾಲ್ಟಿ (ಎದುರು ಟೀಮಿನ ಕಿಕ್ ಜಾಗ ಗೋಲ್ ಕಡೆಗೆ 50 ಮೀಟರ್ ಮುಂದಕ್ಕೆ) ಅಂತ ಬಿಗಿ ಮಾಡಿದ್ರು, ಸರಿ, ಕೆಳಗಿನ ಲೆವೆಲ್‌ನಲ್ಲಿ ಅಂಪೈರ್ ಹುಡುಗ್ರಿಗೆ ಮರ್ಯಾದೆ ಇಲ್ಲ, ಜನ ಈ ಕೆಲಸಕ್ಕೇ ಬರ್ತಿಲ್ಲ ಅನ್ನೋ ಕಾರಣಾನೂ ಒಳ್ಳೇದೇ. ಆದ್ರೆ ಗ್ರೌಂಡಲ್ಲಿ ಆಗಿದ್ದೇನು, ಒಬ್ಬ "ಏನಾಯ್ತು ಸಾರ್" ಅನ್ನೋ ಥರ ಎರಡು ಕೈ ಚಾಚಿದ್ರೂ 50 ಮೀಟರ್, ಇನ್ನೊಂದು ಮ್ಯಾಚಲ್ಲಿ ಅಷ್ಟೇ ಕೈ ಚಾಚಿದವನಿಗೆ ಏನೂ ಇಲ್ಲ. ಕೈ ಎಷ್ಟು ಡಿಗ್ರಿ ಎತ್ತಿದ್ರೆ ಪೆನಾಲ್ಟಿ ಅಂತ ವಾರಗಟ್ಟಲೆ ರೇಡಿಯೋದಲ್ಲಿ ಚರ್ಚೆ. ಅದೇ ವರ್ಷ ಜುಲೈನಲ್ಲಿ ಮತ್ತೆ, ಟ್ಯಾಕಲ್ ಮಾಡೋಕೆ ಬಂದಾಗ ಮಂಡಿ ಬಗ್ಗಿಸಿ ಇಲ್ಲಾ ಭುಜ ಎತ್ತಿ ಕೈನ ಕತ್ತಿನ ಮೇಲೆ ತರಿಸ್ಕೊಂಡ್ರೆ ಇನ್ಮೇಲೆ ಹೈ ಟ್ಯಾಕಲ್ ಫ್ರೀ ಕಿಕ್ ಇಲ್ಲ ಅಂದ್ರು. ಆಮೇಲೆ 2024ರ ಮಧ್ಯದಲ್ಲಿ, ಹೋಲ್ಡಿಂಗ್ ದ ಬಾಲ್‌ಗೆ ಆಟಗಾರನಿಗೆ ಕೊಡೋ ಸಮಯ ಜಾಸ್ತಿ ಆಗಿದೆ, ಕಮ್ಮಿ ಮಾಡಿ ಅಂತ ಅಂಪೈರ್‌ಗಳಿಗೆ ಹೇಳಿದ್ರು. ರೂಲ್ ಬುಕ್ಕಲ್ಲಿ ಒಂದಕ್ಷರ ಬದಲಾಗಿಲ್ಲ ಗುರೂ! ಏಪ್ರಿಲ್‌ನಲ್ಲಿ ಪ್ಲೇ ಆನ್ ಆಗಿದ್ದು ಜೂನ್‌ನಲ್ಲಿ ಫ್ರೀ ಕಿಕ್. ಪರೀಕ್ಷೆ ಅರ್ಧ ಆದ್ಮೇಲೆ ಪಾಸ್ ಮಾರ್ಕ್ಸ್ ಬದಲಾಯಿಸಿದ ಹಾಗೆ. ಅಂಪೈರ್ ಪಾಪ ಹೇಳಿದ್ದನ್ನ ಮಾಡ್ತಾನೆ, ಬೈಗುಳ ಮಾತ್ರ ಅವನಿಗೆ.

ಇಲ್ಲಿ ಒಂದು ವ್ಯತ್ಯಾಸ ಹೇಳ್ಬೇಕು, ನಮ್ಮೋರಿಗೆ ಕ್ರಿಕೆಟ್ ಇಟ್ಕೊಂಡು ಹೇಳಿದ್ರೆ ಬೇಗ ಅರ್ಥ ಆಗುತ್ತೆ. 2008ರ ಸಿಡ್ನಿ ಟೆಸ್ಟ್ ನೆನಪಿದ್ಯಾ? ಸೈಮಂಡ್ಸ್ ಬ್ಯಾಟಿಗೆ ತಾಗಿ ಕೀಪರ್‌ಗೆ ಹೋದ್ರೂ ನಾಟ್ ಔಟ್, ಆಮೇಲೆ 162 ಹೊಡೆದ, ನಮ್ಮ ದ್ರಾವಿಡ್‌ಗೆ ಪ್ಯಾಡಿಗೆ ತಾಗಿದ್ದನ್ನ ಕ್ಯಾಚ್ ಅಂತ ಕೊಟ್ರು, ಕುಂಬ್ಳೆ ಪ್ರೆಸ್ ಮೀಟ್‌ನಲ್ಲಿ ಒಂದೇ ಟೀಮ್ ಸರಿಯಾಗಿ ಆಡ್ತು ಅಂದ್ರು. ಹೊಟ್ಟೆ ಉರಿದೋಯ್ತು, ಆದ್ರೆ ಅದು ತಪ್ಪು. ಬ್ಯಾಟಿಗೆ ತಾಗಿತ್ತಾ ಇಲ್ವಾ ಅನ್ನೋದಕ್ಕೆ ಒಂದೇ ಉತ್ತರ ಇದೆ, ಕ್ಯಾಮೆರಾ ಇಟ್ರೆ ಸಿಗುತ್ತೆ, ಆಮೇಲೆ ಡಿಆರ್‌ಎಸ್ ಬಂತು. ಫುಟೀಲೂ ಅಂಥ ತಪ್ಪುಗಳಿವೆ. 2009ರ ಫೈನಲ್‌ನಲ್ಲಿ ಜೀಲಾಂಗ್‌ನ ಟಾಮ್ ಹಾಕಿನ್ಸ್ ಒದ್ದ ಬಾಲ್ ಕಂಬಕ್ಕೆ ತಾಗಿದ್ರೂ ಗೋಲ್ ಕೊಟ್ರು, ಸೇಂಟ್ ಕಿಲ್ಡಾ ಸೋತ್ರು. 2012ರಲ್ಲಿ ಸ್ಕೋರ್ ರಿವ್ಯೂ ತಂದ್ರು. ಅಷ್ಟಾದ್ಮೇಲೂ 2023ರ ಆಗಸ್ಟ್‌ನಲ್ಲಿ ಅಡಿಲೇಡ್ ಓವಲ್‌ನಲ್ಲಿ ಉಲ್ಟಾ ಆಯ್ತು, ಬೆನ್ ಕೀಸ್ ಒದ್ದಿದ್ದು ಸರಿಯಾಗಿ ಗೋಲ್, ಕಂಬಕ್ಕೆ ತಾಗ್ತು ಅಂತ ಗೋಲ್ ಅಂಪೈರ್ ಬಿಹೈಂಡ್ ಕೊಟ್ರು, ಅಂದ್ರೆ ಆರರ ಬದ್ಲು ಒಂದು ಪಾಯಿಂಟ್, ರಿವ್ಯೂ ಕೇಳ್ಲೇ ಇಲ್ಲ, ಅಡಿಲೇಡ್ ಸಿಡ್ನಿ ಎದುರು ಒಂದೇ ಪಾಯಿಂಟಲ್ಲಿ ಸೋತು ಆ ವರ್ಷ ಫೈನಲ್ಸ್‌ಗೆ (ಸೀಸನ್ ಕೊನೇಲಿ ಬರೋ ನಾಕೌಟ್ ಸುತ್ತಿಗೆ) ಬರ್ಲಿಲ್ಲ. ಮಾರನೇ ದಿನ ಲೀಗ್ ಮುಖ್ಯಸ್ಥರೇ ಬಂದು ತಪ್ಪಾಯ್ತು ಅಂದ್ರು. ಭಯಂಕರ ಅನ್ಯಾಯ. ಆದ್ರೂ ನಂಗೆ ಇದು ಹೋಲ್ಡಿಂಗ್ ದ ಬಾಲ್‌ನಷ್ಟು ತಲೆ ಕೆಡ್ಸಲ್ಲ, ಯಾಕಂದ್ರೆ ಇಲ್ಲಿ ತಪ್ಪಾಯ್ತು ಅಂತ ಎಲ್ರೂ ಒಪ್ತಾರೆ. ನೀವು ಕೇಳಿರೋದ್ರಲ್ಲಿ ಹತ್ತು ಸಲ ರಿಪ್ಲೇ ನೋಡಿದ್ರೂ ಇಬ್ರು ಎಕ್ಸ್‌ಪರ್ಟ್‌ಗಳು ಎರಡು ಮಾತು ಹೇಳ್ತಾರೆ, ಯಾವ ಕ್ಯಾಮೆರಾ ಇಟ್ಟು ಏನು ಮಾಡ್ತೀರಾ.

ಪ್ರೇಕ್ಷಕರ ಗಲಾಟೆ ಪ್ರಭಾವ ಇರುತ್ತಾ? ಇರುತ್ತೆ ಅಂತ ನನ್ನ ಅನಿಸಿಕೆ. ಪರ್ತ್‌ನಲ್ಲಿ ವೆಸ್ಟ್ ಕೋಸ್ಟ್ ಟೀಮಿನ ಜನ ಕಿರುಚೋದಕ್ಕೆ "ನಾಯ್ಸ್ ಆಫ್ ಅಫರ್ಮೇಶನ್" (ಹೌದು ಹೌದು ಅನ್ನೋ ಸದ್ದು) ಅಂತ ಇಲ್ಲಿನೋರು ತಮಾಷೆಗೆ ಹೆಸರೇ ಇಟ್ಟಿದಾರೆ. ಗಲಾಟೆ ಏನು ಮಾಡುತ್ತೆ ಅಂತ ನಾನೇ ಅನುಭವಿಸಿದೀನಿ, ಅದನ್ನ ಹೇಳಿ ಮುಗಿಸ್ತೀನಿ, ಈಗಾಗ್ಲೇ ಉದ್ದ ಆಯ್ತು.

ನನ್ನ ಮಗ ಇಲ್ಲೇ ಒಂದು ಕ್ಲಬ್ಬಲ್ಲಿ ಜೂನಿಯರ್ಸ್ ಆಡ್ತಾನೆ. ಒಂದು ಭಾನುವಾರ ಬೆಳಗ್ಗೆ, ಮೈ ನಡುಗೋ ಚಳಿ, ಥರ್ಮಾಸ್‌ನಲ್ಲಿ ಕಾಫಿ ಹಿಡ್ಕೊಂಡು ನಿಂತಿದ್ದೆ, ಟೀಮ್ ಮ್ಯಾನೇಜರಮ್ಮ ಬಂದು ಇವತ್ತು ಗೋಲ್ ಅಂಪೈರ್ ಮಾಡೋಕೆ ಯಾರೂ ಇಲ್ಲ, ನೀವು ಮಾಡ್ತೀರಾ ಅಂತ ಕೇಳೋಕ್ ಮುಂಚೆನೇ ಬಿಳಿ ಕೋಟು ಕೈಗಿಟ್ರು, ಎರಡು ಬಾವುಟ, ಒಂದು ಸ್ಕೋರ್ ಕಾರ್ಡು, ಮೊನೆ ಮುರಿದ ಪೆನ್ಸಿಲ್ಲು. ಕೋಟು ಹಾಕ್ಕೊಂಡ್ರೆ ನಮ್ಮ ಕಾಲೇಜಿನ ಲ್ಯಾಬ್ ಅಟೆಂಡರ್ ಥರ ಕಾಣ್ತಿದ್ದೆ. ಗೋಲ್ ಆದ್ರೆ ಎರಡೂ ಬಾವುಟ, ಬಿಹೈಂಡ್ ಆದ್ರೆ ಒಂದು, ಅಷ್ಟೇ ತಾನೇ, ಇದ್ರಲ್ಲಿ ಕಷ್ಟ ಏನಿದೆ ಅನ್ಕೊಂಡೆ. ಮೊದಲ ಕ್ವಾರ್ಟರ್‌ನಲ್ಲಿ ಎದುರು ಟೀಮ್ ಹುಡುಗ ಒದ್ದ, ಬಾಲ್ ನಮ್ಮ ಹುಡುಗನ ಬೆರಳ ಹತ್ರದಿಂದ ಹಾದು ಕಂಬಗಳ ಮಧ್ಯೆ ಹೋಯ್ತು. ಯಾರ ಕೈಗಾದ್ರೂ ತಾಗಿದ್ರೆ ಗೋಲ್ ಅಲ್ಲ, ಬಿಹೈಂಡ್. ನಂಗೆ ಕಾಣ್ಲಿಲ್ಲ, ಸೂರ್ಯ ಎದುರಿಗೇ ಇದ್ದ. ಆದ್ರೆ ನಮ್ಮ ಹುಡುಗ "ಟಚ್ಡ್! ಟಚ್ಡ್!" ಅಂತ ಪ್ರಾಣ ಹೋಗೋ ಥರ ಕಿರುಚಿದ, ಬೇಲಿ ಹತ್ರ ನಿಂತಿದ್ದ ನಮ್ಮ ಟೀಮ್ ಹುಡುಗ್ರ ಅಪ್ಪ ಅಮ್ಮಂದ್ರೂ ಕಿರುಚಿದ್ರು, ನಾನು ಒಂದು ಬಾವುಟ ಎತ್ತಿದೆ. ಎರಡನೇ ಕ್ವಾರ್ಟರ್‌ಗೆ ಸೈಡ್ ಬದಲಾಯ್ತು, ಈಗ ನನ್ನ ಕಡೆ ಗೋಲ್ ಹೊಡೀತಿರೋದು ನಮ್ಮ ಟೀಮು. ಹೆಚ್ಚು ಕಮ್ಮಿ ಅದೇ ಥರ ಒಂದು ಬಾಲ್, ಎದುರಿನ ಹುಡುಗನ ಬೆರಳ ಹತ್ರಾನೇ ಹಾದೋಯ್ತು. ಆ ಹುಡುಗ ನಾಚಿಕೆ ಸ್ವಭಾವದೋನು ಅನ್ಸುತ್ತೆ, ಏನೂ ಅನ್ಲಿಲ್ಲ, ತನ್ನ ಕೈನ ಒಂದ್ಸಲ ನೋಡ್ಕೊಂಡ ಅಷ್ಟೇ. ನಾನು ಎರಡೂ ಬಾವುಟ ಬೀಸಿದೆ.

ಬೀಸ್ತಿರೋವಾಗ್ಲೇ ಹೊಟ್ಟೇಲಿ ಏನೋ ಆಯ್ತು. ಕೈ ನೋಡ್ಕೊಂಡಿದ್ದು ಯಾಕೆ ಮತ್ತೆ? ನಾನೇನೂ ನಮ್ಮ ಟೀಮಿಗೆ ಸಹಾಯ ಮಾಡೋಣ ಅಂತ ಮಾಡಿಲ್ಲ, ಆಣೆ ಮಾಡಿ ಹೇಳ್ತೀನಿ, ಎರಡು ಸಲಾನೂ ನಂಗೆ ಕಾಣ್ಲಿಲ್ಲ, ಒಂದ್ಸಲ ಕಿರುಚಿದ್ರು ಒಂದ್ಸಲ ಕಿರುಚ್ಲಿಲ್ಲ. ನಾವು ಗೆದ್ದಿದ್ದು ನಾಲ್ಕು ಪಾಯಿಂಟಲ್ಲಿ. ಇನ್ನೊಂದು ತುದೀಲಿ ಬಾವುಟ ಹಿಡಿದಿದ್ದ ಆ ಟೀಮಿನ ಅಪ್ಪ ಕೊನೇಲಿ ಬಂದು ಸ್ಕೋರ್ ಕಾರ್ಡ್ ತಾಳೆ ನೋಡಿ, ಕೈ ಕುಲುಕಿ, "ವೆಲ್ ಡನ್ ಮೇಟ್" ಅಂದ. ಅದು ಮೆಚ್ಚುಗೆನಾ ಕುಟುಕಿದ್ದಾ ಇವತ್ತಿಗೂ ಗೊತ್ತಾಗಿಲ್ಲ.

ಅದಾದ್ಮೇಲೂ ಶುಕ್ರವಾರ ರಾತ್ರಿ ಮ್ಯಾಚಿಗೆ ಹೋದ್ರೆ ನಾನು ಎಲ್ಲರ ಜೊತೆ ಎದ್ದು ನಿಂತು "ಬಾಆಆಲ್" ಅಂತಾನೇ ಕಿರುಚ್ತೀನಿ, ಸುಳ್ಳು ಹೇಳಲ್ಲ, ಟಿಕೆಟ್‌ಗೆ ದುಡ್ಡು ಕೊಟ್ಟಿರೋದೇ ಅದಕ್ಕೆ. ನೀವೂ ಕಿರುಚಿ. ಆದ್ರೆ ಮನೆ ಹತ್ರ ಯಾವ್ದಾದ್ರೂ ಜೂನಿಯರ್ ಕ್ಲಬ್ ಇದ್ರೆ ಒಂದ್ಸಲ ಹೋಗಿ ಕೇಳಿ ನೋಡಿ, ಗೋಲ್ ಅಂಪೈರ್‌ಗೆ ಅಲ್ಲಿ ಯಾವಾಗ್ಲೂ ಜನ ಕಮ್ಮಿ. ಕೋಟು ಅವ್ರೇ ಕೊಡ್ತಾರೆ, ಪೆನ್ಸಿಲ್ ಮಾತ್ರ ನಿಮ್ದೇ ತಗೊಂಡೋಗಿ.